ಅಟ್ಟದ ಕಾಯಿಯ ಸದ್ದು

14-3-2003, ಶುಕ್ರವಾರ. ಬಾಣಾವರ.

ಪತ್ತೇದಾರಿ ಧಾರಾವಾಹಿಗೆ ನಾನು ಬರೆದ ಮೊದಲ ಕಂತು ಇವತ್ತು ಟಿ.ವಿ.ಯಲ್ಲಿ ಬಂತು. ಇಷ್ಟು ಸಪ್ಪೆ ಕಂತು ಅದರಲ್ಲಿ ಹಿಂದೆ ಬಂದಿರಲಿಲ್ಲ. ನೋಡಲು ಬಂದ ಪಕ್ಕದ ಮನೆಯವರು ಅರ್ಧಕ್ಕೇ ಎದ್ದು ಹೋದರು. ಅದನ್ನು ನುಂಗಿಕೊಂಡೆ. ಅಮ್ಮ ಹೇಳಿದ್ದನ್ನು ನುಂಗಲಾಗುತ್ತಿಲ್ಲ.

ಕಥೆಯಲ್ಲಿ, ತೆಂಗಿನಕಾಯಿ ಒಣಗಿಸುವ ಕೊಬ್ಬರಿ ಅಟ್ಟದ ಮೇಲೆ ಕೊಲೆಯಾಗಿದೆ. ಹೋದ ವರ್ಷ ಕಾಯಿ ತುಂಬಿದ ಮೇಲೆ ಅಟ್ಟ ಹತ್ತಿಲ್ಲ ಎನ್ನುತ್ತಾನೆ ಕೂಲಿ ಕೆಂಪಯ್ಯ. ಪತ್ತೇದಾರ ಅಲ್ಲಿನ ಒಂದು ಕಾಯಿ ಅಲ್ಲಾಡಿಸುತ್ತಾನೆ. ಗಡಗಡ ಸದ್ದು. ‘ಒಳಗೆ ನೀರಿದೆ, ಇದು ಹೊಸ ಕಾಯಿ. ಇದನ್ನಿಡಲು ನೀನು ಮೊನ್ನೆ ಹತ್ತಿದ್ದೆ’ ಎಂದು ಬೇಡಿ ಹಾಕಿಸುತ್ತಾನೆ.

ಹುರುಳಿ ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟಳು.

‘ಗಡಗಡ ಅನ್ನೋದು ಒಣಗಿದ ಕೊಬ್ಬರಿ ಕಣಪ್ಪ. ಚಿಪ್ಪು ಬಿಟ್ಟು ಒಳಗೇ ಆಡ್ತದೆ. ಹಂಗಾಗಕ್ಕೆ ವರ್ಷ ಬೇಕು. ಆ ಕೂಲಿಯೋನು ನಿಜಾನೇ ಹೇಳವ್ನೆ.’

ಕೊಬ್ಬರಿ ಮಾರಿಯೇ ನನ್ನನ್ನು ಹಾಸನದ ಹಾಸ್ಟೆಲಿನಲ್ಲಿಟ್ಟು ಓದಿಸಿದ ಮನೆ ಇದು. ನಾನು ಒಮ್ಮೆಯೂ ಅಟ್ಟ ಹತ್ತಿರಲಿಲ್ಲ.

‘ಕಥೆ ಅಲ್ವೇನಮ್ಮ’ ಅಂದೆ.

‘ಕಥೆ ಆದ್ರೇನು? ಮಾಡ್ದೇ ಇರೋ ತಪ್ಪಿಗೆ ಒಳಗವ್ನೆ. ನೀನೇ ಹಾಕ್ಸಿದ್ದು, ನೀನೇ ಬಿಡಿಸು.’

ಬಿಡಿಸುತ್ತೇನೆ. ನಾಳೆ ಬೆಳಿಗ್ಗೆಯೇ ನಿರ್ದೇಶಕರಿಗೆ ಫೋನು ಮಾಡಿ ಇನ್ನೊಂದು ಕಂತು ಕೇಳುತ್ತೇನೆ. ಆಗದು ಅಂದರೆ ನಾಡಿದ್ದು ಮತ್ತೆ ಕೇಳುತ್ತೇನೆ. ಪತ್ತೇದಾರ ಎಲ್ಲರೆದುರು ತಪ್ಪು ಒಪ್ಪಿಕೊಳ್ಳಲೇಬೇಕು.

ಊಟವಾದ ಮೇಲೆ ಏಣಿ ಹಾಕಿ ಅಟ್ಟ ಹತ್ತಿ ಒಂದು ಕಾಯಿ ತಂದೆ. ಬರೆಯುತ್ತಲೇ ಎಡಗೈಯಲ್ಲಿ ಅಲ್ಲಾಡಿಸುತ್ತಿದ್ದೇನೆ. ಸದ್ದು, ಕೆಂಪಯ್ಯ ಒಳಗಿನಿಂದ ಬಾಗಿಲು ಬಡಿಯುತ್ತಿರುವ ಹಾಗೇ ಇದೆ.