ಅಜ್ಜಿ ಹುಟ್ಟಿದ ಊರು

ಮಾರ್ಚ್ ೧೭, ಮಂಗಳವಾರ
ಮಧ್ಯಾಹ್ನ

ಪ್ರೀತಿಯ ಮೆಣಸಿನಕಾಯಿ,

ಹೇಗಿದ್ದೀಯೇ? ನಿಮ್ಮಪ್ಪ, ಅಮ್ಮ ಆರೋಗ್ಯವೇ? ಹನ್ನೊಂದು ವರ್ಷ ಒಂದು ಸಾಲೂ ಬರೆಯದವಳು ಈಗ ಕ್ಷೇಮ ಕೇಳುವುದು ನಾಚಿಕೆಗೇಡು, ಗೊತ್ತು. ವಿಳಾಸವನ್ನು ನಿನ್ನ ಚಿಕ್ಕಮ್ಮನಿಂದ ಕಾಡಿ ಬೇಡಿ ಪಡೆದೆ. "ಬರಿ. ಆದ್ರೆ ಅವಳು ಉತ್ತರ ಕೊಡ್ತಾಳೆ ಅಂತ ಕಾಯಬೇಡ" ಎಂದರು. ಕಾಯುತ್ತೇನೆ.

ನನಗೆ ಮಗಳು ಹುಟ್ಟಿ ನಾಲ್ಕು ತಿಂಗಳು. ಅತ್ತರೆ ಅಳುತ್ತಾಳೆಂದು ನಿದ್ದೆಯಿಲ್ಲ; ಅಳದಿದ್ದರೆ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ. ಬಿ.ಎಸ್ಸಿ. ಓದಿದ್ದು ಯಾವ ಧೈರ್ಯಕ್ಕೂ ಬಂದಿಲ್ಲ. ಇವರು ಸೇತುವೆ ಕಟ್ಟುವ ಎಂಜಿನಿಯರ್, ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಹೊಳೆಯಾಚೆಯವರು. ನಗಬೇಕೆನಿಸಿದರೆ ನಕ್ಕುಬಿಡು. ಅಪ್ಪ ಮದುವೆಗೆ ಬರಲಿಲ್ಲ. ಹೆರಿಗೆಗೆ ಮಾತ್ರ ಮನೆಗೆ ಕರೆಸಿಕೊಂಡರು.

ನಿನ್ನೆ ಅಪ್ಪ ಕಟ್ಟಿದ ಪಕ್ಷ ಮುಗಿಯಿತು. ನಮ್ಮ ಮುಂದಿನ ಕೋಣೆಯಲ್ಲಿ ಹುಟ್ಟಿದ್ದು ಅಲ್ಲೇ ಕಣ್ಣು ಮುಚ್ಚಿತು. ನೆನಪಿದೆಯಾ, ಸದಸ್ಯರಾಗಲು ಬೀದಿಯ ತಿರುವಿನವರೆಗೂ ಜನ? "ನಮ್ಮ ನೆಲ, ನಮ್ಮ ನಡತೆ" ಎಂಬ ಬ್ಯಾನರಿನ ಕೆಳಗೆ ಅಪ್ಪ. ಒಳಗೆ ಟೀ ಸೋಸಿ ಸೋಸಿ ಸುಸ್ತಾದ ಅಮ್ಮ. ಹೆಂಗಸರು ವೇದಿಕೆ ಹತ್ತಬಾರದು, ಆದರೆ ಅಕ್ಷರ ದುಂಡಗಿದೆಯೆಂದು ನಾನು ಅರ್ಜಿ ತುಂಬಬಹುದಿತ್ತು! ಕೊನೆಯ ಸಾಲು: ಇಬ್ಬರು ಅಜ್ಜಿಯರೂ ಹುಟ್ಟಿದ ಊರು. ಒಬ್ಬಳು ಹೊಳೆಯಾಚೆ ಹುಟ್ಟಿದ್ದರೂ ಅರ್ಜಿ ವಾಪಸ್. "ಅಪ್ಪನ ವಿಷಯದಲ್ಲಿ ಸುಳ್ಳು ಹೇಳೋರಿದ್ದಾರೆ, ಅಜ್ಜಿ ವಿಷಯದಲ್ಲಿ ಯಾರೂ ಹೇಳಲ್ಲ" ಎನ್ನುತ್ತಿದ್ದರು ಅಪ್ಪ.

ಆಮೇಲೆ ಹದಿನಾಲ್ಕು ಶಾಸಕರು, ಒಬ್ಬ ಮಂತ್ರಿ. ಮಂತ್ರಿ ರಾಜಧಾನಿಗೆ ಹೋದವನು ದೊಡ್ಡ ಪಕ್ಷದ ಮಡಿಲಲ್ಲಿ ಕೂತ. ಮುಂದಿನ ಸಲ ಮೂವರು ಗೆದ್ದರು. ಕಳೆದ ಸಲ ಅಪ್ಪನ ಠೇವಣಿಯೂ ಹೋಯಿತು. ಓಟು ಕೇಳಲು ಹೋದಲ್ಲೆಲ್ಲ ಜನ, "ಅಜ್ಜಿ ಊರು ಹಾಗಿರಲಿ ಸ್ವಾಮಿ, ಹೊಳೆಗೆ ಸೇತುವೆ ಯಾವಾಗ?" ಎಂದರಂತೆ.

ಪಕ್ಷ ಮುಚ್ಚುವ ನಿರ್ಣಯಕ್ಕೆ ಏಳು ಸಹಿ ಬೇಕಿತ್ತು. ಬಂದವರು ಅಪ್ಪನೂ ಸೇರಿ ಆರು. "ಮೊಮ್ಮಗಳನ್ನೇ ಸೇರಿಸ್ಕೊಳ್ಳಿ ಅಧ್ಯಕ್ಷರೇ, ಹೆಬ್ಬೆಟ್ಟು ಒತ್ತಿಸೋಣ" ಎಂದು ಔಷಧಿ ಅಂಗಡಿಯವರು ನಕ್ಕರು. ಅಪ್ಪ ನಗಲಿಲ್ಲ. ನಿಜಕ್ಕೂ ಒಂದು ಅರ್ಜಿ ತೆಗೆದು ತುಂಬತೊಡಗಿದರು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ನನ್ನ ಅತ್ತೆ ಹುಟ್ಟಿದ್ದು ಹೊಳೆಯಾಚೆ.

ಅಮ್ಮ ಬಾಗಿಲಲ್ಲೇ ನಿಂತು, "ಬರೀರಿ. ನೀವೇ ಹಾಕಿದ ಸಾಲು ತಾನೇ?" ಎಂದಳು.

ಅಪ್ಪ ಪೆನ್ನಿನ ಮುಚ್ಚಳ ಹಾಕಿ, ಮಗುವನ್ನೆತ್ತಿಕೊಂಡು ಹಿತ್ತಲಿಗೆ ಹೋದರು. ಉಳಿದ ಐವರು ಏಳನ್ನು ಐದು ಎಂದು ತಿದ್ದಿ, ಸಹಿ ಹಾಕಿ ಚಪ್ಪಲಿ ಮೆಟ್ಟಿದರು.

ಉಳಿದ ಬಾವುಟಗಳನ್ನು ಅಮ್ಮ ಮಗುವಿನ ಲಂಗೋಟಿಗೆ ಕತ್ತರಿಸುತ್ತಿದ್ದಾಳೆ. "ಮೆತ್ತಗಿದೆ ಕಣೇ. ಅಂತೂ ಉಪಯೋಗಕ್ಕೆ ಬಂತು." ಅಂಚು ಬಿಚ್ಚುವ ಕೆಲಸ ನನ್ನದು. ನಿಮ್ಮಪ್ಪ ಹಾಕಿದ ಜೋಡಿ ಹೊಲಿಗೆ ಬ್ಲೇಡಿಗೂ ಜಗ್ಗುತ್ತಿಲ್ಲ. ಪಕ್ಷದ ಒಂದೊಂದು ಬಾವುಟವನ್ನೂ ಹೊಲಿದ ದರ್ಜಿ ಸದಸ್ಯನಾಗಲು ಬಂದರೆ, "ಅಜ್ಜಿಯ ಊರು ಸುಳ್ಳು" ಎಂದು ಅರ್ಜಿ ವಾಪಸ್ಸಾಯಿತು. ಊರವರು ಅಂಗಡಿಗೆ ಬಟ್ಟೆ ಕೊಡುವುದನ್ನೇ ಬಿಟ್ಟರು. ನೀವು ಊರು ಬಿಟ್ಟಿರಿ.

ಆಮೇಲೆ ನನಗೆ ಗೆಳತಿಯರಾರೂ ಆಗಲಿಲ್ಲ. ಈಗ ಇಡೀ ದಿನ ಮಾತು ಬಾರದ ಮಗುವಿಗೆ ನಿನ್ನ ಕಥೆ ಹೇಳುತ್ತೇನೆ, ಅವಳೂ ಕಣ್ಣರಳಿಸಿ ಕೇಳುತ್ತಾಳೆ.

ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ. ದೊಡ್ಡವರಿಗೆ ನನ್ನ ನಮಸ್ಕಾರ.

ನಿನ್ನ
ಉದ್ದಜಡೆ
(ಜಡೆ ಈಗ ಇಲಿಬಾಲ)

ತಾ.ಕ.: ನಿಮ್ಮಪ್ಪನ ಅಜ್ಜಿಯ ಊರನ್ನು ಎದುರುಮನೆ ಕಂಡಕ್ಟರ್ ಬಾಯಿಬಿಟ್ಟನೆಂದು ನೀವು ನಂಬಿದಿರಿ. ಅವನಲ್ಲ. "ಯಾರಿಗೂ ಹೇಳ್ಬೇಡ, ನಮ್ಮಪ್ಪನ ಅಜ್ಜಿ ದೋಣಿಯಲ್ಲಿ ಬಂದ ಮದುಮಗಳು" ಎಂದು ನೀನು ಹೇಳಿದ್ದು ನನಗೊಬ್ಬಳಿಗೇ. ಅಪ್ಪ ಅರ್ಜಿಗೆ ಮುದ್ರೆ ಒತ್ತಲು ಕೈ ಎತ್ತಿದಾಗ ನಾನೇ ಹೇಳಿದೆ. ಅವರು ನನ್ನನ್ನು ಏನೂ ಕೇಳಿರಲಿಲ್ಲ. ಅವತ್ತು ಎಲ್ಲರೆದುರು ನನ್ನ ತಲೆ ಸವರಿ "ಇವಳು ನನ್ನ ಮಗಳು" ಎಂದರು. ಅದುವರೆಗೆ ಒಮ್ಮೆಯೂ ಅಂದಿರಲಿಲ್ಲ. ಇದನ್ನು ನಿಮ್ಮಪ್ಪನಿಗೆ ಓದಿ ಹೇಳುವುದು, ಬಿಡುವುದು ನಿನಗೆ ಸೇರಿದ್ದು. ಮಗು ಎದ್ದಿತು. ಹರಿದುಹಾಕಲು ಮನಸ್ಸಾಗುವ ಮುಂಚೆ, ಅವಳನ್ನೆತ್ತಿಕೊಂಡೇ ಹೋಗಿ ಅಂಚೆಗೆ ಹಾಕಿಬಿಡುತ್ತೇನೆ.