ಗುಳಿಗೆ ಬಿಟ್ಟ ಅಬ್ಬಾನಿಗೆ

ಅಬ್ಬಾ, ನಿಮಗೆ ನಿಮ್ಮ ನಯಾಜನ ಸಲಾಂ.

ಬೆಳಿಗ್ಗೆ ಸಿರುಗುಪ್ಪದಿಂದ ಸಾಜಿಯಾ ಅಕ್ಕ ಫೋನಿನಲ್ಲಿ ಅತ್ತಳು. ನಿಮ್ಮ ಮೈ ಕೊರಡಿನ ಹಾಗೆ ಬಿಗಿದಿದೆಯಂತೆ. ಗುಳಿಗೆ ತಂದರೆ ಹಲ್ಲು ಕಚ್ಚುತ್ತೀರಂತೆ. ಬಳ್ಳಾರಿ ಆಸ್ಪತ್ರೆಗೆ ಸೇರಿಸಿ ಎಂದು ಅಲ್ಲಿನ ಡಾಕ್ಟರು ಹೇಳಿದರೂ ಒಪ್ಪುತ್ತಿಲ್ಲವಂತೆ. ನಾನು ಬಂದರೆ ನೀರೂ ಮುಟ್ಟುವುದಿಲ್ಲ ಎಂದಿದ್ದೀರಿ. ಅದಕ್ಕೇ ಬರೆದು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಅಕ್ಕ ಓದುತ್ತಾಳೆ, ನೀವು ಕಣ್ಣು ಮುಚ್ಚಿಕೊಂಡಾದರೂ ಕೇಳಿ.

ಒಂಬತ್ತನೇ ಕ್ಲಾಸು ಬಿಟ್ಟು ಅದಿರಿನ ಲಾರಿ ಹತ್ತಿದವನು ನಾನು. ಅಲ್ಲೂ ನಿಲ್ಲದೆ ಇಲ್ಲಿ ಬಳ್ಳಾರಿಗೆ ಬಂದು, ಶೀಲಾ ಮೇಡಂ ಅವರ ಪ್ರಯೋಗಾಲಯದಲ್ಲಿ ಇಲಿಗಳ ಪಂಜರ ತೊಳೆಯುತ್ತೇನೆ. ಆ ಇಲಿಗಳ ಮಿದುಳಿಗೆ ವಿಷದ ಮದ್ದು ಚುಚ್ಚಿ, ಮೈ ಬಿಗಿದು ನಡಿಗೆ ನಿಲ್ಲಿಸುವ ನಿಮ್ಮ ಕಾಯಿಲೆಯನ್ನೇ ಬರಿಸುತ್ತಾರೆ. ಕಾಲು ಕಟ್ಟಿಹಾಕಿದಂತೆ ಅವು ಮೂಲೆಯಲ್ಲಿ ನಿಂತುಬಿಡುತ್ತವೆ. ಆಮೇಲೆ ಕೆಲವಕ್ಕೆ ಬರೀ ನಿಮ್ಮ ಗುಳಿಗೆಯ ಔಷಧಿ, ಕೆಲವಕ್ಕೆ ಬರೀ ಏಣಿಯ ಮೇಲೆ ನಡೆಯುವ ತರಬೇತಿ, ಕೆಲವಕ್ಕೆ ಎರಡೂ. ನಿಂತಲ್ಲೇ ನಿಂತಿದ್ದ ಇಲಿ ಏಣಿಯ ಮೆಟ್ಟಿಲು ಕಂಡರೆ ಕಾಲು ಎತ್ತುವುದನ್ನು ನಾನು ಕಣ್ಣಾರೆ ನೋಡಿದೆ.

ಆಗ ನೀವು ನೆನಪಾದಿರಿ. ಬಳ್ಳಾರಿಯ ಜೀನ್ಸ್ ಪ್ಯಾಂಟುಗಳಿಗೆಲ್ಲ ನಿಮ್ಮ ಕತ್ತರಿಯೇ ಮೊದಲು ಬೀಳಬೇಕಿತ್ತು. ಅಂಥವರು ಕುರುಗೋಡಿನ ನಮ್ಮ ಮನೆಯ ಹೊಸ್ತಿಲಲ್ಲಿ ಅಂಟಿಕೊಂಡಂತೆ ನಿಂತಿರುತ್ತಿದ್ದಿರಿ. ಊರಿಗೆ ಬಂದು, ನೀವು ಬಟ್ಟೆಗೆ ಗುರುತು ಹಾಕುತ್ತಿದ್ದ ಸೀಮೆಸುಣ್ಣದಿಂದಲೇ ಪಡಸಾಲೆಯ ತುಂಬ ಅಡ್ಡಗೆರೆ ಎಳೆದೆ. ನೀವು ಒಂದೊಂದೇ ದಾಟಿ ಬಾಗಿಲಿಗೆ ಬಂದಿರಿ. ಚಹಾದಂಗಡಿ ಜಡೆಪ್ಪ ಕಟ್ಟೆಯಿಂದಲೇ ಕೂಗಿದ, “ಅಮೀರಸಾಬ್ರ, ಮಗ ನಿಮ್ಮನ್ನೂ ಇಲಿ ಮಾಡ್ಯಾನ ನೋಡ್ರಿ. ಬೆಕ್ಕು ಬರೂದ್ರಾಗ ಓಡ್ರಿ!” ನೀವು ನಕ್ಕಿರಿ. ಕಾಯಿಲೆ ಬಂದ ಮೇಲೆ ನಿಮ್ಮ ಮುಖ ನಗುವುದನ್ನೇ ಮರೆತಿತ್ತು.

ಶುಕ್ರವಾರ ಮಸೀದಿಗೆ ಹೋದಿರಿ. ನಮಾಜಿನ ಸಾಲು ಸರಿಯಾಗಿರಲೆಂದು ಅಲ್ಲಿ ನೆಲದ ಮೇಲೆ ಗೆರೆಗಳಿವೆ. ಅವುಗಳ ಮೇಲೆ ನೀವು ಮದುಮಗನ ಹಾಗೆ ನಡೆದಿರಿ. ಎಲ್ಲರೂ ತಬ್ಬಿಕೊಂಡರು, ಗುಣವಾಯಿತು ಎಂದರು. ಮನೆಗೆ ಬಂದವರೇ ಗುಳಿಗೆ ನಿಲ್ಲಿಸಿದಿರಿ. “ಗುಣ ಆಗಿಲ್ಲ ಅಬ್ಬಾ, ಗೆರಿ ಕಂಡದ್ದಕ್ಕ ಕಾಲು ಎದ್ದಾವ. ಗುಳಿಗಿ ಬಿಡಬ್ಯಾಡ್ರಿ” ಎಂದೆ. “ಸಾಲಿ ಬಿಟ್ಟಾವ ನನಗ ಡಾಕ್ಟರಕಿ ಹೇಳ್ತೀಯೇನಲೇ? ಖುದಾ ಕೊಟ್ಟದ್ದನ್ನ ನೀ ಕಸಗೋಬ್ಯಾಡ” ಎಂದಿರಿ. ಹೌದು ಎಂದು ತಲೆಯಾಡಿಸಿದ್ದರೆ ನಿಮ್ಮ ಪಕ್ಕದಲ್ಲೇ ಇರುತ್ತಿದ್ದೆ. ಆ ಸುಳ್ಳು ನನ್ನ ಬಾಯಿಗೆ ಬರಲಿಲ್ಲ. ಮರುದಿನವೇ ಅಕ್ಕನ ಮನೆಗೆ ಹೊರಟುಹೋದಿರಿ.

ಈಗಲೂ ಸುಳ್ಳು ಬರೆಯಲಾರೆ. ಬರೀ ತರಬೇತಿಯ ಇಲಿಗಳು ಒಂದಿಷ್ಟು ದಿನ ನಡೆದು ಮತ್ತೆ ಮೂಲೆ ಸೇರಿದವು. ಎರಡೂ ಸಿಕ್ಕವು ಮಾತ್ರ ಹೆಚ್ಚು ಕಾಲ ಓಡಾಡಿದವು. “ತರಬೇತಿ ಗುಳಿಗೆಗೆ ಜೊತೆ ಅಷ್ಟೇ, ಬದಲಿ ಅಲ್ಲ” ಎನ್ನುತ್ತಾರೆ ಮೇಡಂ. ಕೊನೆಗೆ ಅವುಗಳನ್ನೂ ಕೊಂದು ಮಿದುಳು ತೆಗೆದು ನೋಡಿದರು. ಕಾಯಿಲೆಯಿಂದ ಸತ್ತ ಜೀವಕೋಶಗಳು ಸತ್ತೇ ಇದ್ದವು. ಆ ದಿನ ಹೊರಗೆ ಬಂದು ನಿಂತೆ. ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಕೆಂಪು ಧೂಳೆಬ್ಬಿಸಿ ಹೋಗುತ್ತಲೇ ಇದ್ದವು. ಊರಿಗೆ ಊರೇ ದುಡ್ಡಿನ ಹಿಂದೆ ಓಡುತ್ತಿತ್ತು. ನನಗೆ ಓಡುವುದಕ್ಕೆ ಯಾವ ದಿಕ್ಕೂ ತೋಚಲಿಲ್ಲ.

ನೀವು ಪೂರ್ತಿ ಗುಣವಾಗುವುದಿಲ್ಲ ಅಬ್ಬಾ. ಒಂದು ದಿನ ಈ ಕಾಯಿಲೆ ನಿಮ್ಮನ್ನು ಕಸಿದುಕೊಳ್ಳುತ್ತದೆ. ಆದರೆ ಆ ದಿನ ಇವತ್ತೇ ಆಗಬೇಕಿಲ್ಲ. ನಾಳೆ ಗಂಟಲೂ ಬಿಗಿದರೆ, ನೀವೇ ಬೇಕೆಂದರೂ ಗುಳಿಗೆ ಒಳಗೆ ಇಳಿಯದು. ಭಾವ ಕಾರು ತಂದಿದ್ದಾರಂತೆ, ಹತ್ತಿ. ಆಸ್ಪತ್ರೆಯ ಬಾಗಿಲಲ್ಲಿ ನಾನು ನಿಲ್ಲುವುದಿಲ್ಲ, ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಬೇಕಾದರೆ ಬದುಕಿರುವಷ್ಟು ದಿನ ನನ್ನನ್ನು ಮಗನೆನ್ನಬೇಡಿ, ಅದನ್ನು ತಡೆದುಕೊಳ್ಳುತ್ತೇನೆ. ಅಕ್ಕ ಓದಿ ಮುಗಿಸುತ್ತಿದ್ದಂತೆ ಆಸ್ಪತ್ರೆಗೆ ಹೂಂ ಎಂದು ಬರೀ ತಲೆಯಾಡಿಸಿ, ಸಾಕು.

ನಿಮ್ಮ ಗಂಟಲಲ್ಲಿ ಒಂದು ಗುಟುಕು ನೀರು ಸರಾಗವಾಗಿ ಇಳಿಯಲಿ ಎಂದು ಅಲ್ಲಾಹನಲ್ಲಿ ಬೇಡುತ್ತಾ,

ನಯಾಜ್
ಪಾರ್ವತಿನಗರ, ಬಳ್ಳಾರಿ