ಮಂಚದ ಜೋಡಿ ಅಜ್ಜಿ

ಮಸ್ಕತ್
ಮಂಗಳವಾರ, ೧ ಜುಲೈ ೨೦೨೫

ನನ್ನ ತಮ್ಮ ಹೊಳೆಯಪ್ಪಗ,

ಅಕ್ಕ ಶೇಖವ್ವ ಕಡಲಾಚಿಂದ ನಿನ್ನ ತಲಿ ಸವರಿ ಬರಿಯೂದು. ನಾನಂತೂ ಉಸಿರಾಡ್ಕೋತ ಅದೀನಿ. ನಿನ್ನ ಮೊಣಕಾಲು ಹೆಂಗದಾವ? ಮುಂಡರಗಿ ಡಾಕ್ಟರು ಕೊಟ್ಟ ಎಣ್ಣಿ ದಿನಾ ಹಚ್ಚಾಕತ್ತೀಯೋ, ಇಲ್ಲಾ ಸೀಸೆ ಗೂಡಿನ್ಯಾಗಿಟ್ಟು ಅದನ್ನ ನೋಡ್ಕೋತ ಕುಂತೀಯೋ? ಕಲ್ಲವ್ವಗ ಬಿ.ಪಿ. ಗುಳಿಗಿ ತಪ್ಪಸಬ್ಯಾಡಂತ ಹೇಳು. ಉಪ್ಪಿನಕಾಯಿ ಭರಣಿ ಕಂಡ್ರ ನಿನ್ನ ಹೆಂಡ್ತಿಗೆ ಗುಳಿಗಿ ನೆನಪ ಇರೂದಿಲ್ಲ. ನಿನ್ನ ಸೊಸಿ, ವೀರೂನ ಹೆಂಡ್ತಿ, ಬಸರಿ ಅಂತ ಕೇಳಿದೆ, ಆಕಿಗೆ ಎಷ್ಟನೇ ತಿಂಗಳು? ಹೊಳಿಗೆ ಹೊಸಾ ನೀರು ಬಂತೇನು? ಹೆಸರು ಬಿತ್ತಿದ್ರೇನು? ಕಪ್ಪತಗುಡ್ಡದ ಕಡಿಂದ ಈಗ ಗಾಳಿ ಬಿಟ್ಟಿರಬೇಕು. ಇಲ್ಲಿ ಗಾಳಿ ಅಂದ್ರ ಒಲಿ ಮುಂದ ಮಾರಿ ಹಿಡದಂಗ. ನಾ ಕಿಡಕಿ ತಗದ್ರ ಸೊಸಿ ಸುನಿತಾ ಓಡಿ ಬಂದು ಮುಚ್ಚತಾಳ, ಏಸಿ ತಂಪು ಹೊರಗ ಹೊಕ್ಕೈತಂತ. ಆರು ವರ್ಷಾತು ಹಿಂಗ ಮುಚ್ಚಿದ ಡಬ್ಬಿಯೊಳಗ ಕುಂತು.

ಫೋನ್ ಬಿಟ್ಟು ಕಾಗದ ಯಾಕ ಬರದಾಳಂತ ಗಾಬರಿ ಆಗಬ್ಯಾಡ. ಫೋನಿನ್ಯಾಗ ನಿನಗ ನನ್ನ ಮಾತು ಕೇಳೂದಿಲ್ಲ, ಸುಮ್ನ ಹಾಂ ಹಾಂ ಅಂತೀ. ನಾ ಒದರಬೇಕು. ಒದರಿದ್ರ ಈ ಎರಡು ಖೋಲಿ ಮನ್ಯಾಗ ಎಲ್ಲಾರಿಗೂ ಕೇಳತೈತಿ. ಇದು ಎಲ್ಲಾರಿಗೂ ಕೇಳೂ ಮಾತಲ್ಲ. ಚಾಳೀಸ ಹಾಕ್ಕೊಂಡು ನೀನ ಓದು, ಮಂದಿ ಕೈಲೆ ಓದಸಬ್ಯಾಡ. ನನ್ನ ಅಕ್ಷರ ಕಾಗಿ ಕಾಲು ಗುಬ್ಬಿ ಕಾಲು ಆಗ್ಯಾವಂತ ನಗಬ್ಯಾಡ, ಏಳನೇ ಇಯತ್ತೆ ಕಲತಾಕಿಯಿಂದ ಇನ್ನೇನು ಬಂದೀತು.

ಖಬರ ಏನಂದ್ರ, ಇವರು ಮಸ್ಕತ್ ಬಿಡಾಕತ್ತಾರ. ಮಗ ಶಿವಯೋಗಿ ಲೆಕ್ಕ ಬರಿಯೋ ಕಂಪನಿ ಅರ್ಧಾ ಮಂದೀನ ಮನಿಗೆ ಕಳಿಸ್ತು, ಅದರಾಗ ಇವನೂ ಒಬ್ಬ. ಸುನಿತಾಗ ನ್ಯೂಜಿಲೆಂಡ್ ಅನ್ನೂ ದೇಶದ ದವಾಖಾನ್ಯಾಗ ನರ್ಸ್ ಕೆಲಸ ಸಿಕ್ಕೈತಿ. ಮೊಮ್ಮಗಳು ಅಂಕಿತಾ ದುಂಡಗಿನ ಭೂಗೋಳ ತಿರುವಿ ತಿರುವಿ ತೋರಿಸಿದ್ಲು. ಅದು ಭೂಮಿ ಮುಗಿಯೂ ಕಡೆ ಐತಿ ಹೊಳೆಯಪ್ಪಾ, ಅದರ ಆಚಿ ಬರೇ ನೀರು. ಮೂರೂ ಮಂದಿಗೆ ವೀಸಾ ಬಂತು. ನನಗ ಬರಲಿಲ್ಲ. ವಯಸ್ಸಾದವರದು ಆಮ್ಯಾಲ ಮಾಡ್ತಾರಂತ. ಆಮ್ಯಾಲ ಅಂದ್ರ ಯಾವಾಗ ಅಂತ ಕೇಳಿದ್ರ ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡ್ತಾರ.

ಹಿಂಗಾಗಿ ಮನಿ ಸಾಮಾನೆಲ್ಲಾ ಮಾರಾಟಕ್ಕ ಬಿದ್ದಾವ. ಇದೇನು ನನಗ ಹೊಸಾದಲ್ಲ. ಶಿವಯೋಗಿ ಅಪ್ಪ ತೀರಿಕೊಂಡ ಮ್ಯಾಲ ಮುಂಡರಗಿ ಬಾಡಗಿ ಮನಿ ಬಿಡೂ ಮುಂದ ನಾನ ನಿಂತು ಎಲ್ಲಾ ಹಂಚಿದ್ದೆ. ಬೀಸೂಕಲ್ಲು ಬಾಜೂಮನಿಯವರಿಗೆ, ಕಪಾಟು ಹುಚ್ಚಪ್ಪನ ಅಂಗಡಿಗೆ, ತಾಮ್ರದ ಹಂಡೆ ನಿನಗ. ನೀ ಟಂಟಂ ಗಾಡಿ ತಂದು ಹಂಡೆ ಏರಿಸಿ, "ಅಕ್ಕಾ, ಇದು ನಿಂದ ಐತಿ, ನಾ ಬರೇ ಇಟ್ಕೊಂಡಿರ್ತೀನಿ" ಅಂದಿ. ನಾ ನಕ್ಕಿದ್ದೆ. ವಿಮಾನ ಹತ್ತಿ ಮಗನ ಮನಿಗೆ ಹೊಂಟಾಕಿಗೆ ಹಳೀ ಹಂಡೆ ಯಾಕ ಬೇಕಿತ್ತು? ಓಣಿ ಮಂದಿ ಎಲ್ಲಾ ಬಂದು ಶೇಖವ್ವನ ದೈವ ತಗೀತು ಅಂದ್ರು. ನಾನೂ ಹಂಗ ಅನ್ಕೊಂಡೆ.

ಶುಕ್ರವಾರ ಬಂತಂದ್ರ ಇಲ್ಲಿ ಸಂತಿ. ಒಬ್ರು ಬಂದು ಫ್ರಿಜ್ಜಿನ ಬಾಗಲಾ ತಗೀತಾರ, ಮತ್ತೊಬ್ರು ಸೋಫಾದ ಮ್ಯಾಲ ಕುಂತು ಜಿಗದು ನೋಡ್ತಾರ. ಸುನಿತಾ ಒಂದು ಬೆಲಿ ಹೇಳಿದ್ರ ಅದರ ಅರ್ಧಕ್ಕ ಕೇಳ್ತಾರ. ನಾ ನನ್ನ ಕೆಲಸಾ ನಾ ಮಾಡಿದೆ. ಖಾಲಿ ಪಾತ್ರಿ ಮನಿ ಹೊರಗ ಕೊಡಬಾರದಂತ ಅವ್ವ ಹೇಳ್ತಿದ್ದಳಲ್ಲ, ನೆನಪೈತಿ? ಕುಕ್ಕರಿನ್ಯಾಗ ಒಂದು ಹಿಡಿ ಅಕ್ಕಿ ಹಾಕಿದೆ, ಡಬ್ಬಿಗೋಳಾಗ ಸಕ್ರಿ, ಫ್ರಿಜ್ಜಿನ್ಯಾಗ ಎರಡು ಲಿಂಬಿಹಣ್ಣು. ಅರಬಿ ಒಗಿಯೂ ಮಷೀನಿಗೆ ಏನ ಹಾಕಬೇಕಂತ ತಿಳೀಲಿಲ್ಲ, ಒಂದು ಬೆಲ್ಲದ ಹಳಕು ಕಾಗದದಾಗ ಸುತ್ತಿ ಒಳಗಿಟ್ಟೆ. ಮಷೀನ್ ಒಯ್ದ ಮಲಯಾಳಿ ಹೆಣಮಗಳು ಅದನ್ನ ನೋಡದನ ಗಂಡನ ಬಿಳಿ ಅಂಗಿ ಎಲ್ಲಾ ಹಾಕಿ ತಿರುವಿ ಬಿಟ್ಟಾಳ. ಮರುದಿನ ಫೋನ್ ಬಂತು ನೋಡು, ಯಪ್ಪಾ! ಅಂಗಿಗೆಲ್ಲಾ ಅಂಟು, ಮನಿ ತುಂಬ ಇರಿವಿ. ಸುನಿತಾ ಹಣಿ ಹಣಿ ಬಡಕೊಂಡು, "ಅತ್ತೀ, ಮಾರೂದಂದ್ರ ಮಾರೂದರಿ, ಹೆಣ್ಣ ಕೊಟ್ಟು ಕಳಿಸಿದಂಗ ಮಾಡಬ್ಯಾಡ್ರಿ" ಅಂದ್ಲು. ಆಮ್ಯಾಲ ಆಕೀನೂ ನಕ್ಕಳು, ನಾನೂ ನಕ್ಕೆ. ಈ ಒಂದು ತಿಂಗಳದಾಗ ನಾವಿಬ್ಬರೂ ಕೂಡಿ ನಕ್ಕದ್ದು ಅದೊಂದ ಸಲ.

ಅಲ್ಲಾ, ಇನ್ನೊಮ್ಮೆ ನಕ್ಕೀವಿ. ಅದನ್ನೂ ಹೇಳ್ತೀನಿ. ಇಲ್ಲಿ ಕನ್ನಡದವರದು ಒಂದು ವಾಟ್ಸಾಪ್ ಗುಂಪು ಐತಿ, ಅದರಾಗ ಸುನಿತಾ ಸಾಮಾನಿನ ಫೋಟೋ ಹಾಕಿ ಬೆಲಿ ಬರೀತಾಳ. ನನ್ನ ಮಂಚದ ಫೋಟೋ ತಗಿಯೂ ಮುಂದ ನಾ ಅದರ ಮೂಲ್ಯಾಗ ಕುಂತಿದ್ದೆ, ಆಕಿ ಏಳು ಅನ್ನಲಿಲ್ಲ, ನಾ ಏಳಲಿಲ್ಲ. ಫೋಟೋದಾಗ ಮಂಚ, ಗಾದಿ, ನಾನು. ಯಾರೋ ಒಬ್ಬ ಪುಣ್ಯಾತ್ಮ ಬರದ: "ಮಂಚದ ಜೋಡಿ ಅಜ್ಜಿನೂ ಬರ್ತಾರೇನ್ರಿ?" ಗುಂಪಿನವರೆಲ್ಲಾ ನಗೂ ಮಾರಿ ಹಾಕ್ಯಾರ. ಸುನಿತಾ ಓದಿ ತೋರಿಸಿದ್ಲು, ನಾನೂ ಹಲ್ಲು ಬಿಟ್ಟು ನಕ್ಕೆ. ಶಿವಯೋಗಿ ನಗಲಿಲ್ಲ. ಎದ್ದು ಅಡಗಿ ಮನಿಗೆ ಹೋಗಿ, ಒಂದು ಪಾತ್ರಿ ಇಲ್ಲದ ಕಟ್ಟಿ ಒರಸಿದ. ತಿರುಗಿ ಬಂದಾವ ನನ್ನ ಕಾಲಾಗ ಕುಂತು, ಸಣ್ಣಂವಿದ್ದಾಗ ಹಿಡಕೋತಿದ್ದಂಗ ನನ್ನ ಹೆಬ್ಬಟ್ಟು ಹಿಡಕೊಂಡು ಹೇಳಿದ. ಹುಬ್ಬಳ್ಳ್ಯಾಗ ವಯಸ್ಸಾದವರನ್ನ ಇಟ್ಕೊಳ್ಳೂ ಒಂದು ಮನಿ ಐತಂತ. ಡಾಕ್ಟರು ಬರ್ತಾರಂತ, ಟಿ.ವಿ. ಐತಂತ, ಮೂರು ಹೊತ್ತು ಬಿಸಿ ಊಟ ಅಂತ. ಎಲ್ಲಾ ಠರಾವು ಆಗೇತಿ, ರೊಕ್ಕಾನೂ ಕಟ್ಟ್ಯಾನ. ಈ ತಿಂಗಳ ಇಪ್ಪತ್ತಕ್ಕ ತಾನ ಬಂದು ನನ್ನ ಅಲ್ಲಿ ಬಿಟ್ಟು ತಿರುಗಿ ಹೋಗಾಂವ.

"ಆಶ್ರಮ ಅನಬ್ಯಾಡವ್ವಾ, ಅದು ಹಾಸ್ಟೆಲ್ ಇದ್ದಂಗ" ಅಂದ. ಎಪ್ಪತ್ತಕ್ಕ ಬಂದಾಕಿ ನಾ ಯಾ ಪರೀಕ್ಷೆ ಬರಿಯಾಕ ಹಾಸ್ಟೆಲಿಗೆ ಹೋಗ್ಲೆಪಾ ಅಂದೆ. ಅಂವ ಅತ್ತ. ಖರೇನ ಅತ್ತ ಹೊಳೆಯಪ್ಪಾ, ಬಿಕ್ಕಿ ಬಿಕ್ಕಿ. ಮಗಾ ಕೆಟ್ಟವಲ್ಲ, ನೀ ಅವನ್ನ ಬೈಬ್ಯಾಡ. ಸೊಸೀನೂ ಕೆಟ್ಟಾಕಿ ಅಲ್ಲ, ಹೊಸಾ ಸ್ವೆಟರ್ ತಂದು ಕೊಟ್ಟಾಳ, ಗುಳಿಗಿಗೋಳು ಆರು ತಿಂಗಳಿಗಾಗೂವಷ್ಟು ಕಟ್ಟಿಟ್ಟಾಳ. ಆದ್ರ ಅಂವ ಅತ್ತ ಮ್ಯಾಲೂ ಹುಬ್ಬಳ್ಳಿ ಹುಬ್ಬಳ್ಳೀನ ಉಳೀತು. "ಹಮ್ಮಿಗಿ ಮಾವನ್ನ ಒಂದು ಮಾತು ಕೇಳೂಣೇನ್ರಿ ಅತ್ತೀ" ಅಂತ ಸುನಿತಾ ನಿನ್ನ ಹೆಸರು ತಗದು ಮೆಲ್ಲಕ ಕೇಳಿದ್ಲು. ನಾ ಬೆಂಕಿ ತುಳದಂಗ ಎದ್ದೆ. ಕರೀದ ತವರಿಗೆ ಹೋಗೂ ಹೆಣಮಗಳಲ್ಲ ನಾ, ಯಾರ ಮುಂದೂ ನನ್ನ ಹೆಸರು ಹೇಳಿ ಕೈ ಚಾಚಬ್ಯಾಡ್ರಿ ಅಂದೆ. ಆವತ್ತಿಂದ ಯಾರೂ ಆ ಮಾತು ಎತ್ತಿಲ್ಲ.

ಮೊನ್ನೆ ಮಂಚ ತಗೊಂಡಾಂವ ಬಂದ. ಮರ್ದಾನಸಾಬ ಅಂತ, ಹಳೀ ಸಾಮಾನು ಪಿಕಪ್ ಗಾಡ್ಯಾಗ ಸಾಗಿಸಿ ಮಾರೂ ಮನಶ್ಯಾ. ನಾ ಮಂಚದ ಮ್ಯಾಲ ಕುಂತು ಶೇಂಗಾ ಸುಲ್ಯಾಕತ್ತಿದ್ದೆ. ಅಂವ ಬಾಗಲದಾಗ ನಿಂತು ಸುನಿತಾನ ಜೋಡಿ ಹಿಂದಿಯೊಳಗ ಮಾತಾಡಿದ. ನಾ ಶೇಂಗಾದ ಮೊರ ಎತ್ಕೊಂಡು, "ಒಯ್ಯೋ ಯಪ್ಪಾ ಒಯ್ಯಿ, ನಾ ಎದ್ದೆ, ಮುದುಕಿ ಭಾರ ನಿನಗ್ಯಾಕ" ಅಂದೆ. ನನ್ನ ಮಾತು ಕೇಳಿದ್ದ ತಡ ಅವನ ಮಾರಿನ ಬ್ಯಾರೆ ಆತು. "ಯವ್ವಾ, ಯಾವೂರ್ರಿ ನಿಮ್ದು?" ಅಂದ. ಮುಂಡರಗಿ, ತವರು ಹಮ್ಮಿಗಿ ಅಂದೆ. "ನಮ್ದು ಲಕ್ಷ್ಮೇಶ್ವರ್ರಿ ಯವ್ವಾ" ಅಂತ ಅಲ್ಲೇ ನೆಲದ ಮ್ಯಾಲ ಕುಂತ. ಚಾ ಕುಡದ, ಶೇಂಗಾ ತಿಂದ. ಊರಾಗ ಯಾರದಾರ್ರಿ ಅಂತ ಕೇಳಿದ. ತಮ್ಮ ಅದಾನ ಅಂದೆ. "ಹಂಗಿದ್ರ ನಿಮಗೇನ್ರಿ ಚಿಂತಿ, ತವರೈತಿ" ಅಂದ. ನಾ ಅವನ ಮುಂದ ಇನ್ನಷ್ಟು ಶೇಂಗಾ ಸುರುವಿದೆ.

ಅಂವ ಮಂಚ ಒಯ್ಯಲಿಲ್ಲ. "ಯವ್ವ ಹೋದ ಮ್ಯಾಲ ಒಯ್ತೀನ್ರಿ" ಅಂತ ರೊಕ್ಕ ಕೊಟ್ಟು ಹ್ವಾದ. ಈಗ ಮನಿ ತುಂಬ ಖಾಲಿ, ಇದೊಂದು ಮಂಚ, ಅದೂ ಮಂದಿದು. ಅವರು ಮೂವರೂ ನೆಲದ ಮ್ಯಾಲ ಚಾಪಿ ಹಾಸ್ಕೋತಾರ. ಕೆಮ್ಮಿದ್ರ ಗ್ವಾಡಿ ತಿರುಗಿ ಕೆಮ್ಮತಾವ. ಅಂಕಿತಾ ಅದಕ್ಕ ಹೋ ಅಂತ ಕೂಗಿ ಆಟಾ ಆಡತೈತಿ, ಕೂಸಿಗೇನು ತಿಳೀಬೇಕು.

ಹುಬ್ಬಳ್ಳಿ ಮನಿ ಫೋಟೋ ಫೋನಿನ್ಯಾಗ ತೋರಿಸಿದ್ರು. ಸ್ವಚ್ಛ ಐತಿ, ಸುಳ್ಳ ಯಾಕ ಹೇಳ್ಲಿ. ಉದ್ದಾನ ಖೋಲಿ, ಸಾಲ್ಕ ಮಂಚ, ಮಂಚದ ಮ್ಯಾಲ ನನ್ನಂಥಾ ಮುದಿಕ್ಯಾರು ಬಾಗಲಾ ನೋಡ್ಕೋತ ಕುಂತಾರ. ಅದ ನೋಡಿದಾಗಿಂದ ನನಗ ಅನ್ನ ಇಳಿಯವಲ್ದು. ಸಾಯಾಕ ಅಂಜಿಕಿಲ್ಲ ಹೊಳೆಯಪ್ಪಾ. ಕುಕ್ಕರಿಗೆ ಸೈತ ಒಂದು ಹಿಡಿ ಅಕ್ಕಿ ಹಾಕಿ ಕಳಿಸಿದಾಕಿ ನಾ, ನಾ ಮಾತ್ರ ಬರೇ ಕೈಲೆ ಹೋಗಿ ಆ ಸಾಲಿನ್ಯಾಗ ಕುಂಡ್ರಬೇಕಲ್ಲ. ಅಲ್ಲಿ ಯಾರರೆ ನಿಮಗ ಯಾರದಾರ್ರಿ ಅಂತ ಕೇಳಿದ್ರ ಏನ ಹೇಳ್ಲಿ? ಭೂಗೋಳದ ತುದಿ ತೋರಿಸಲೇನು?

ನಾಗರ ಪಂಚಮಿ ಬಂತು. ಮುಂಡರಗ್ಯಾಗ ಇದ್ದಾಗ ರೊಟ್ಟಿ ಹಬ್ಬದ ಮುಂಜಾನಿ ನಾ ಬಾಗಲಾ ಬಿಟ್ಟು ಸರೀತಿದ್ದಿಲ್ಲ, ನೀ ಸೈಕಲ್ ಮ್ಯಾಲ ಕರಿಯಾಕ ಬರ್ತಿದ್ದಿ. ಅವ್ವ ಸತ್ತ ವರ್ಷ ಇನ್ನ ಯಾರು ಬರ್ತಾರಂತ ಚಲೋ ಸೀರಿ ಉಡದನ ಕುಂತಿದ್ದೆ. ನೀ ಬಂದು, "ಅವ್ವಿಲ್ಲಂದ್ರ ನಾ ಇಲ್ಲೇನಕ್ಕಾ? ಏಳ, ಜೋಕಾಲಿ ಕಟ್ಟೇನಿ" ಅಂದಿ. ಹಮ್ಮಿಗ್ಯಾಗ ಇಳದ ಕೂಡ್ಲೆ "ನಮ್ಮಕ್ಕ ಬಂದ್ಲು, ನಮ್ಮಕ್ಕ ಬಂದ್ಲು" ಅಂತ ಹಾದಿ ತುಂಬ ಒದರ್ಕೋತ ಹೋಗಾಂವ. ನನಗ ನಾಚಿಕಿ ಬರ್ತಿತ್ತು, ಒಳಗೊಳಗ ಹಿಗ್ಗೂ ಬರ್ತಿತ್ತು. ಇಲ್ಲಿಗೆ ಬಂದ ಮ್ಯಾಲೂ ನಾಕು ವರ್ಷ ಫೋನ್ ಮಾಡಿ ಕರದಿ. ವಿಮಾನದ ತಿಕೀಟಂದ್ರ ಮುಂಡರಗಿ ಬಸ್ಸೇನೋ ಅಂತ ನಾ ನಕ್ಕೆ. ಎರಡು ವರ್ಷಾತು ನೀ ಕರಿಯೂದು ಬಿಟ್ಟಿ. ನಿಂದೇನು ತಪ್ಪಿಲ್ಲ, ಬರಲಾರದಾಕಿನ್ನ ಎಷ್ಟಂತ ಕರೀಬೇಕು.

ಇರಲಿ. ಕಲ್ಲವ್ವಗ, ವೀರೂಗ, ವೀರೂನ ಹೆಂಡ್ತಿಗೆ, ಆಕಿ ಹೊಟ್ಯಾಗಿನ ಕೂಸಿಗೆ ನನ್ನ ಹರಕಿ. ಎಣ್ಣಿ ಹಚ್ಚೂದು ಮರೀಬ್ಯಾಡ. ನಿಮ್ಮ ಮನಿ ದೀಪ ನಿಮ್ಮ ಮನ್ಯಾಗ ತಂಪಾಗಿ ಉರೀಲಿ.

ನಿನ್ನ ಅಕ್ಕ,
ಶೇಖವ್ವ

ತಾ.ಕ. ಮರ್ದಾನಸಾಬ ಮೊಹರಂ ಹಬ್ಬಕ್ಕ ಊರಿಗೆ ಹೊಂಟಾನ, ಈ ಕಾಗದ ಅವನ ಕೈಯಾಗ ಕೊಡಾಕತ್ತೀನಿ. ಕೆಳಗ ಹಾರ್ನ್ ಹೊಡ್ಯಾಕತ್ತಾನ, ಜಲ್ದಿ ಬರೀತೀನಿ. ಮ್ಯಾಲ ಬರದದ್ದೆಲ್ಲಾ ಬಿಡು, ಇದೊಂದು ಮಾಡು. ಶಿವಯೋಗಿ ಫೋನಿಗೆ ಫೋನ್ ಹಚ್ಚು. ನಿನಗ ಕೇಳೂದಿಲ್ಲಂತ ಗೊತ್ತೈತಿ. ನೀ ಏನೂ ಕೇಳಬ್ಯಾಡ, ಬರೇ ಒದರು: "ಪಂಚಮಿಗೆ ನಮ್ಮಕ್ಕನ್ನ ಕರಿಯಾಕ ಹುಬ್ಬಳ್ಳಿಗೆ ಬರ್ತೀನಿ" ಅಂತ. ಸುನಿತಾಗೂ ಕೇಳಲಿ. ವೀರೂನ ಮದುವಿ ಆದ ಮ್ಯಾಲ ನಿಮ್ಮ ಮನ್ಯಾಗ ಜಗಾ ಇಲ್ಲಂತ ನನಗ ತಿಳೀತೈತಿ, ನಾ ಉಳ್ಯಾಕ ಬರಾಕಿ ಅಲ್ಲ. ನಾಕು ದಿನ ಇಟ್ಕೊಂಡು, ಆ ಹಂಡೆದಾಗ ನೀರು ಕಾಸಿ ನಾಕು ತಂಬಗಿ ಮೈಮ್ಯಾಲ ಹಾಕಿಸಿ, ತಿರುಗಿ ನೀನ ಹುಬ್ಬಳ್ಳಿಗೆ ಬಿಟ್ಟು ಬಾ, ನಾ ಒಂದು ಮಾತು ಅನ್ನೂದಿಲ್ಲ. ತವರಿಂದ ಬಂದಾಕಿ ಅನಿಸ್ಕೊಂಡು ಆ ಮಂಚದ ಮ್ಯಾಲ ಮಲಗ್ತೀನಿ. ಆಗದಿದ್ರ ಉತ್ತರಾನೂ ಬ್ಯಾಡ, ಫೋನೂ ಬ್ಯಾಡ. ಮರ್ದಾನಸಾಬ ಕಾಗದ ಎಲ್ಲೋ ಕೆಡವ್ಯಾನಂತ ತಿಳಕೊಂಡು, ಸಾಯೂತನಕ ಅವನ್ನ ಬೈಕೋತ ಇರ್ತೀನಿ.